ಭಾವ ಅರ್ಧ ಕ್ಷಣ ಮೊದಲು ನಕ್ಕರು

ಕಳೆದ ವರ್ಷ ಭೀಮನ ಅಮಾವಾಸ್ಯೆಯ ಮರುದಿನ, ಅಂದರೆ 2025ರ ಜುಲೈ 25ರಂದು, ‘ಸು ಫ್ರಮ್ ಸೋ’ ಬಿಡುಗಡೆಯಾಯಿತು. ನಾವು ನೋಡಿದ್ದು ಎರಡನೆಯ ಭಾನುವಾರ. ಅಕ್ಕ, ಭಾವ, ಅವರ ಇಬ್ಬರು ಮಕ್ಕಳು ಮತ್ತು ನಾನು. ಮೈಸೂರಿನಲ್ಲಿ ಇನ್ನೂ ಉಳಿದುಕೊಂಡಿರುವ ಹಳೆಯ ಟಾಕೀಸುಗಳಲ್ಲಿ ಒಂದು. ಮಧ್ಯಾಹ್ನದ ಆಟಕ್ಕೆ ಟಿಕೆಟ್ ಸಿಗಲಿಲ್ಲ. ಎದುರಿನ ಅಂಗಡಿಯಲ್ಲಿ ಕಾಫಿ ಕುಡಿದು, ಜಿಟಿಜಿಟಿ ಮಳೆಯಲ್ಲಿ ಒಂದೇ ಕೊಡೆಯ ಕೆಳಗೆ ಮೂವರು ನಿಂತು ಸಂಜೆಯ ಆಟಕ್ಕೆ ಕಾದೆವು. ಬಾಗಿಲ ಬಳಿ ‘ಹೌಸ್‌ಫುಲ್’ ಫಲಕ ತೂಗುಹಾಕಿದ್ದನ್ನು ಮಕ್ಕಳು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರು. ಅವರು ಹುಟ್ಟಿದ ಮೇಲೆ ಆ ಫಲಕವನ್ನು ಕಣ್ಣಾರೆ ಕಂಡದ್ದು ಅದೇ ಮೊದಲು.

ನಮ್ಮ ಭಾವ ಪುತ್ತೂರಿನ ಕಡೆಯವರು. ಮೈಸೂರಿಗೆ ಬಂದು ಇಪ್ಪತ್ತು ವರ್ಷವಾದರೂ ತಾಯಿಯೊಂದಿಗೆ ಫೋನಿನಲ್ಲಿ ಮಾತಾಡುವುದು ತುಳುವಿನಲ್ಲಿಯೇ. ಚಿತ್ರ ಶುರುವಾಗಿ ಹತ್ತು ನಿಮಿಷ ಕಳೆಯುವುದರೊಳಗೆ ನನಗೆ ಒಂದು ಸಂಗತಿ ಗಮನಕ್ಕೆ ಬಂತು. ಪ್ರತಿ ಮಾತಿಗೂ ಭಾವ ನಮಗಿಂತ ಅರ್ಧ ಕ್ಷಣ ಮೊದಲು ನಗುತ್ತಿದ್ದರು. ನಮಗಾದರೆ ಆ ಕನ್ನಡದ ರಾಗ ಕಿವಿಗೆ ಬಿದ್ದು, ಅರ್ಥವಾಗಿ, ಆಮೇಲೆ ನಗು ಬರಬೇಕು. ಅವರಿಗೆ ಪಾತ್ರವೊಂದು ಲುಂಗಿ ಎತ್ತಿ ಕಟ್ಟಿಕೊಂಡ ಬಗೆಯಿಂದಲೇ, ಕುತ್ತಿಗೆ ವಾಲಿಸಿದ ರೀತಿಯಿಂದಲೇ, ಮುಂದೆ ಎಂಥ ಮಾತು ಬರಲಿದೆ ಎಂದು ಗೊತ್ತಾಗಿಬಿಡುತ್ತಿತ್ತು. ಅಂಥವರು ಸಭಾಂಗಣದಲ್ಲಿ ಇನ್ನೂ ಕೆಲವರು ಇದ್ದರು. ಕತ್ತಲಲ್ಲಿ ನಾಲ್ಕೈದು ಕಡೆ ನಗು ಮೊದಲು ಚಿಮ್ಮುತ್ತಿತ್ತು. ಹಂಚಿನ ಮಾಡಿನ ಮೇಲೆ ಮಳೆ ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿದು ಬರುವ ಹಾಗೆ, ಅಲ್ಲಿಂದ ಅದು ಉಳಿದವರ ಮೇಲೆ ಹರಡುತ್ತಿತ್ತು. ನಾನು ಎಷ್ಟೋ ಕಡೆ ನಕ್ಕದ್ದು ಮಾತಿಗಲ್ಲ, ಪಕ್ಕದಲ್ಲಿ ಭಾವನ ಭುಜ ಕುಲುಕಿದ್ದಕ್ಕೆ.

ಕತೆ ಹೇಳಿಕೊಳ್ಳಲು ಸಣ್ಣದು. ಕರಾವಳಿಯ ಒಂದು ಹಳ್ಳಿ. ಅಶೋಕ ಎಂಬ ಹುಡುಗ ಇರಬಾರದ ಹೊತ್ತಿನಲ್ಲಿ ಇರಬಾರದ ಕಡೆ ಸಿಕ್ಕಿಬಿದ್ದು, ಮರ್ಯಾದೆ ಉಳಿಸಿಕೊಳ್ಳಲು ಮೈಮೇಲೆ ದೆವ್ವ ಬಂದವನಂತೆ ನಟಿಸುತ್ತಾನೆ. ಬಂದದ್ದು ಸೋಮೇಶ್ವರದ ಸುಲೋಚನ ಎಂದು ಊರೇ ನಂಬುತ್ತದೆ. ಆಮೇಲೆ ಸುಳ್ಳನ್ನು ಬಿಡುವಂತಿಲ್ಲ, ಹೊರುವಂತಿಲ್ಲ. ಜೆ.ಪಿ. ತೂಮಿನಾಡು ಅವರೇ ಬರೆದು, ನಿರ್ದೇಶಿಸಿ, ಅಶೋಕನ ಪಾತ್ರವನ್ನೂ ಮಾಡಿದ್ದಾರೆ. ಕನ್ನಡದಲ್ಲಿ ಇದು ಅವರ ಮೊದಲ ನಿರ್ದೇಶನ. ರಾಜ್ ಬಿ. ಶೆಟ್ಟಿ ನಿರ್ಮಾಪಕರಲ್ಲಿ ಒಬ್ಬರು. ಹೆಸರು ಕೇಳಿ ಜನ ನುಗ್ಗುವಂಥ ನಾಯಕನಟ ಯಾರೂ ಇಲ್ಲ. ಊರಿನ ಹಿರಿಯ ರವಿಯಣ್ಣನಾಗಿ ಶನೀಲ್ ಗೌತಮ್ ನಡೆದು ಬರುವ ಗತ್ತು, ಕುಡಿತದ ಬಾವ ತೆರೆಗೆ ಬಂದಾಗಲೆಲ್ಲ ಮೊಳಗುವ ಆ ಹಾಡಿನ ತುಣುಕು, ಇವುಗಳಿಗೆ ಜನ ಶಿಳ್ಳೆ ಹೊಡೆದರು. ಬಾವನ ಪಾತ್ರಕ್ಕೆ ನಮ್ಮ ಮಕ್ಕಳು ತಮ್ಮ ಅಪ್ಪನ ಕಡೆ ತಿರುಗಿ ತಿರುಗಿ ನೋಡಿದ್ದು ನಮ್ಮ ಸಾಲಿನವರಿಗೆ ಮಾತ್ರ ಗೊತ್ತಿರುವ ಸಂತೋಷ.

ನಗುವಿನ ಅಬ್ಬರದಲ್ಲಿ ನಾಲ್ಕೈದು ಮಾತು ನನಗೆ ಕೇಳಿಸಲೇ ಇಲ್ಲ. ಅದಕ್ಕಾಗಿ ಸೆಪ್ಟೆಂಬರಿನಲ್ಲಿ ಜಿಯೋಹಾಟ್‌ಸ್ಟಾರ್‌ಗೆ ಬಂದಾಗ ಮನೆಯಲ್ಲಿ ಒಬ್ಬನೇ ಕುಳಿತು ಮತ್ತೆ ನೋಡಿದೆ. ತಪ್ಪಿಸಿಕೊಂಡಿದ್ದ ಮಾತುಗಳೆಲ್ಲ ಸಿಕ್ಕವು. ನಗು ಬರಲಿಲ್ಲ. ಹಾಸ್ಯ ಎಲ್ಲಿದೆ ಎಂದು ಬುದ್ಧಿಗೆ ತಿಳಿಯುತ್ತಿತ್ತು, ತುಟಿ ಒಂದಿಷ್ಟು ಅಗಲವಾಗುತ್ತಿತ್ತು, ಅಷ್ಟೇ. ಬದಲಿಗೆ ಬೇರೆ ಏನೋ ಕಾಣಿಸತೊಡಗಿತು. ಸುಲೋಚನಳ ಮಗಳು ಭಾನು ಊರಿಗೆ ಬರುವಲ್ಲಿಂದ ಚಿತ್ರದ ಬಣ್ಣ ಬದಲಾಗುತ್ತದೆ. ಅಲ್ಲಿಯ ತನಕ ನಕ್ಕ ಊರು ಒಬ್ಬ ಹೆಣ್ಣಿನ ಸಂಕಟದ ಎದುರು ನಿಲ್ಲಬೇಕಾಗುತ್ತದೆ. ಟಾಕೀಸಿನಲ್ಲಿ ಈ ತಿರುವು ನನಗೆ ಬಹಳ ದೊಡ್ಡದಾಗಿ ಕಂಡಿತ್ತು, ಏಕೆಂದರೆ ಅಷ್ಟು ಜನ ಒಮ್ಮೆಗೇ ಸುಮ್ಮನಾದ ಸದ್ದನ್ನು ನಾನು ಕೇಳಿದ್ದೆ. ಮನೆಯಲ್ಲಿ ನೋಡುವಾಗ ಅನಿಸಿದ್ದು ಬೇರೆ: ಧೈರ್ಯವನ್ನು ಕಲಿಯುವವನು ಹುಡುಗ, ಬದಲಾಗುವವನು ಅವನು. ಭಾನುವಿನ ಮನಸ್ಸಿನೊಳಗೆ ಕ್ಯಾಮೆರಾ ಇನ್ನೊಂದಿಷ್ಟು ಹೊತ್ತು ಕುಳಿತಿದ್ದರೆ ಚಿತ್ರ ಇನ್ನೂ ಎತ್ತರಕ್ಕೆ ಹೋಗುತ್ತಿತ್ತು. ಹಾಗೆಂದು ನನ್ನ ಮೊದಲ ನೋಟ ಸುಳ್ಳಲ್ಲ. ಎರಡೂ ನಿಜ, ಎರಡೂ ನನ್ನವೇ. ನಗುವಿಗೆ ಪಕ್ಕದಲ್ಲಿ ಜನ ಬೇಕು, ಆಕ್ಷೇಪಣೆಗೆ ಒಂಟಿತನ ಬೇಕು ಎಂದು ತೋರುತ್ತದೆ.

ಎಲ್ಲಿ ಕುಳಿತು, ಯಾರ ಪಕ್ಕ ಕುಳಿತು ನೋಡಿದೆ ಎಂಬುದು ಸಿನಿಮಾದ ಹೊರಗಿನ ವಿಷಯ ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಆ ಎರಡು ನೋಟಗಳ ನಂತರ ಆ ನಂಬಿಕೆ ಹೋಯಿತು.

ಅಕ್ಟೋಬರ್ 2ರಂದು ‘ಕಾಂತಾರ: ಅಧ್ಯಾಯ 1’ ಬಂತು. ಕಳೆದ ವರ್ಷ ವಿಜಯದಶಮಿಯೂ ಅಂದೇ. ಜಂಬೂಸವಾರಿಯ ದಿನ ಮೈಸೂರಿನಲ್ಲಿ ಮನೆಯಿಂದ ಹೊರಗೆ ಕಾಲಿಡುವ ಮಾತೇ ಇಲ್ಲ. ದಸರೆಯ ಜನ ಇಳಿಯಲಿ ಎಂದು ಕಾದು, ಮುಂದಿನ ವಾರ ಮಲ್ಟಿಪ್ಲೆಕ್ಸಿಗೆ ಹೋದೆವು. 2022ರ ‘ಕಾಂತಾರ’ ನನಗೆ ಅತ್ಯಂತ ಪ್ರಿಯವಾದ ಚಿತ್ರಗಳಲ್ಲಿ ಒಂದು. ಅದರಲ್ಲಿ ಕಂಬಳದ ಕೆಸರಿತ್ತು, ಕಾಡಿನ ಗಡಿ ಗುರುತಿಸಲು ಬಂದ ಅರಣ್ಯಾಧಿಕಾರಿಯಾಗಿ ಕಿಶೋರ್ ಅವರ ಬಿಗಿದ ದವಡೆಯಿತ್ತು, ಜಮೀನುದಾರನ ಮನೆಯ ಅಂಗಳದಲ್ಲಿ ಯಾರು ಎಲ್ಲಿಯವರೆಗೆ ಬರಬಹುದು ಎಂಬ ಹೇಳದ ಗೆರೆಯಿತ್ತು. ಅಚ್ಯುತ್ ಕುಮಾರ್ ಅವರ ಮೆಲುನಗೆಯ ಹಿಂದೆ ಏನಿದೆ ಎಂದು ಊಹಿಸುತ್ತ ಕುಳಿತುಕೊಳ್ಳುವುದೇ ಒಂದು ಸುಖ. ಆ ಚಿತ್ರದ ಅಭಿನಯಕ್ಕೆ ರಿಷಬ್ ಶೆಟ್ಟಿ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಾಗ ನಮ್ಮ ಮನೆಯಲ್ಲಿ ಹಬ್ಬದ ಸಂಭ್ರಮವಿತ್ತು.

ಹೊಸ ಚಿತ್ರ ಕತೆಯನ್ನು ಕದಂಬರ ಕಾಲಕ್ಕೆ ಒಯ್ದಿದೆ. ಪೇಟೆಯೊಳಗೆ ರಥ ಹತೋಟಿ ತಪ್ಪಿ ಓಡುವ ಭಾಗವನ್ನು ಉಸಿರು ಬಿಗಿಹಿಡಿದು ನೋಡಿದೆ. ಅರವಿಂದ್ ಕಶ್ಯಪ್ ಅವರ ಕ್ಯಾಮೆರಾ ಕಾಡನ್ನು ತೋರಿಸುವ ಬಗೆಗೆ ದೊಡ್ಡ ಪರದೆಯೇ ಬೇಕು. ರುಕ್ಮಿಣಿ ವಸಂತ್ ಅವರ ಕನಕವತಿ ಇಡೀ ಚಿತ್ರದ ಅತ್ಯಂತ ಕುತೂಹಲದ ಪಾತ್ರ. ಆದರೂ ಹೊರಬರುವಾಗ ಕಿವಿ ಗುಂಯ್‌ಗುಡುತ್ತಿತ್ತು, ಮನಸ್ಸು ಮಾತ್ರ ಮೊದಲ ಚಿತ್ರದ ಆ ಅಂಗಳವನ್ನು ಹುಡುಕುತ್ತಿತ್ತು. ಒಬ್ಬರಿಗೊಬ್ಬರು ಬಯ್ದುಕೊಂಡು, ಮೀನು ಸುಟ್ಟುಕೊಂಡು ಬದುಕುವ ಜನರ ನಡುವೆ ದೈವ ಇಳಿದು ಬಂದಾಗ ಆದ ರೋಮಾಂಚನ, ಎಲ್ಲವೂ ಮೊದಲಿನಿಂದಲೇ ಅದ್ಭುತವಾಗಿರುವ ಲೋಕದಲ್ಲಿ ಆಗಲಿಲ್ಲ.

ಆದರೆ ಆ ರಾತ್ರಿ ನನಗೆ ಉಳಿದದ್ದು ಪರದೆಯ ಮೇಲಿನದಲ್ಲ. ದೈವ ಮೈದುಂಬುವ ಭಾಗದಲ್ಲಿ ಭಾವ ಮುಂದಕ್ಕೆ ಬಾಗಿ ಏನೋ ಮಾಡಿದರು. ಏನೆಂದು ಆಗ ತಿಳಿಯಲಿಲ್ಲ. ದೀಪ ಹತ್ತಿದಾಗ ಅವರು ಕಾಲಿನಿಂದ ಕುರ್ಚಿಯ ಕೆಳಗೆ ತಡಕಾಡುತ್ತಿದ್ದರು. ಚಪ್ಪಲಿ ಕಳಚಿ ಕುಳಿತಿದ್ದರು. ಒಂದು ಚಪ್ಪಲಿ ಜಾರಿ ಮುಂದಿನ ಸಾಲಿಗೆ ಹೋಗಿತ್ತು. ಅಲ್ಲಿದ್ದ ಹುಡುಗನೊಬ್ಬ ಅದನ್ನು ಕೈಯಲ್ಲಿ ಎತ್ತಿ, ಏನೂ ಕೇಳದೆ ಕೊಟ್ಟ. ಕಾರಿನಲ್ಲಿ ಬರುವಾಗ ಬಹಳ ಹೊತ್ತು ಮಾತಿಲ್ಲ. ಹುಣಸೂರು ರಸ್ತೆಯ ಸಿಗ್ನಲ್‌ನಲ್ಲಿ ನಿಂತಾಗ ಭಾವ ಹೇಳಿದರು: “ನಮ್ಮ ಕುಟುಂಬದ ತರವಾಡು ಮನೆಯಲ್ಲಿ ನಡೆಯುವ ದೈವದ ನೇಮದಲ್ಲಿ ಇಷ್ಟು ಸದ್ದು ಇರುವುದಿಲ್ಲ. ಬೆಳಗಿನ ಜಾವ ಮೂರು ಗಂಟೆಗೆ ತೆಂಬರೆ ಬಾರಿಸುವವರೂ ದಣಿದಿರುತ್ತಾರೆ. ಆಗ ಕೇಳಿಸುವುದು ದೈವದ ಕಾಲಿನ ಗಗ್ಗರದ ಸದ್ದು ಒಂದೇ. ಆ ಹೊತ್ತಿಗೆ ಚಿಕ್ಕವನಾಗಿದ್ದಾಗ ನನಗೆ ಹೆದರಿಕೆಯಾಗುತ್ತಿತ್ತು.”

ಚಿತ್ರದ ಬಗ್ಗೆ ನಾನು ಓದಿದ ಯಾವ ವಿಮರ್ಶೆಯಲ್ಲಿಯೂ ಇದಕ್ಕಿಂತ ಸರಿಯಾದ ಮಾತು ನನಗೆ ಸಿಗಲಿಲ್ಲ. ಧ್ವನಿ ಎಲ್ಲವನ್ನೂ ತುಂಬಿಬಿಟ್ಟರೆ ಹೆದರಿಕೆಗೆ ಜಾಗವೆಲ್ಲಿ? ಆದರೂ ಅದೇ ಮನುಷ್ಯ ಚಪ್ಪಲಿ ಕಳಚಿದ್ದರು. ಚಿತ್ರ ಅವರನ್ನು ಅಲ್ಲಿಗೆ ಒಯ್ದಿತ್ತು ಎಂಬುದನ್ನೂ ನಾನು ಮರೆಯಲಾರೆ.

ಆ ರಾತ್ರಿ ಐವರ ಟಿಕೆಟ್, ಪಾಪ್‌ಕಾರ್ನ್, ಮಕ್ಕಳ ತಂಪು ಪಾನೀಯ ಎಲ್ಲ ಸೇರಿ ಮೂರು ಸಾವಿರ ರೂಪಾಯಿ ಮುಟ್ಟಿತು. ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕುವುದಾಗಿ ಸರ್ಕಾರ 2025ರ ಮಾರ್ಚ್ ಬಜೆಟ್ಟಿನಲ್ಲಿ ಹೇಳಿತು, ಸೆಪ್ಟೆಂಬರಿನಲ್ಲಿ ನಿಯಮವನ್ನೂ ತಂದಿತು. ಅದೇ ತಿಂಗಳು ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. 2017ರಲ್ಲಿಯೂ ಇಂಥದೊಂದು ಮಿತಿ ಬಂದಿತ್ತು. ನೂರು ರೂಪಾಯಿಯೊಳಗಿನ ಟಿಕೆಟ್ಟಿಗೆ ಈಗ ಜಿಎಸ್‌ಟಿ ಶೇ 5, ಅದನ್ನು ದಾಟಿದರೆ ಶೇ 18. ಹಬ್ಬದ ಹಾಗೆ ವರ್ಷಕ್ಕೆರಡು ಸಲ ಹೋಗುವ ಮನೆಯವರು ಇಷ್ಟು ದುಡ್ಡು ಯಾವ ಚಿತ್ರಕ್ಕೆ ಕೊಟ್ಟಾರು? ಊರೆಲ್ಲ ಮಾತಾಡುತ್ತಿರುವ ದೊಡ್ಡ ಚಿತ್ರಕ್ಕೇ ಕೊಡುತ್ತಾರೆ. ಉಳಿದವುಗಳಿಗೆ ಎಲ್ಲರ ಬಾಯಲ್ಲೂ ಒಂದೇ ಮಾತು: “ಒಟಿಟಿಗೆ ಬರಲಿ, ನೋಡೋಣ.”

ಆ ಮಾತನ್ನು ನಾನೂ ಆಡಿದ್ದೇನೆ. ‘ಮಿಥ್ಯ’ ಚಿತ್ರದ ವಿಷಯದಲ್ಲಿ ಆಡಿದೆ, ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಸುಮಂತ್ ಭಟ್ ನಿರ್ದೇಶನದ ಆ ಚಿತ್ರ 2025ರ ಮಾರ್ಚ್ 7ರಂದು ಬಿಡುಗಡೆಯಾಯಿತು. ಸುಮಂತ್ ಮತ್ತವರ ಗೆಳೆಯರು ಮಾಡಿದ್ದ ‘ಏಕಂ’ ಸರಣಿಯನ್ನು ನಾನು ಮೆಚ್ಚಿಕೊಂಡು ನೋಡಿದ್ದೆ. ಕರಾವಳಿಯ ಏಳು ಕತೆಗಳು. ಅದನ್ನು ಕೊಳ್ಳುವ ಒಟಿಟಿ ವೇದಿಕೆ ಸಿಗದೆ, ರಕ್ಷಿತ್ ಶೆಟ್ಟಿ 2024ರ ಜುಲೈನಲ್ಲಿ ಅದಕ್ಕಾಗಿಯೇ ಒಂದು ಜಾಲತಾಣ ಮಾಡಿ ಬಿಡುಗಡೆ ಮಾಡಿದರು. ಮಾಡಿದ ಕೆಲಸ ತೋರಿಸಲು ಜಾಗವಿಲ್ಲದೆ ಜಾಗವನ್ನೇ ಕಟ್ಟಿಕೊಂಡವರು. ಇಷ್ಟೆಲ್ಲ ಗೊತ್ತಿದ್ದೂ ‘ಮಿಥ್ಯ’ ಬಂದ ವಾರ ನಾನು ಹೋಗಲಿಲ್ಲ. ಶುಕ್ರವಾರ ಕೆಲಸವಿತ್ತು. ಶನಿವಾರ ಯಾರೋ ಬಂದರು. ಭಾನುವಾರ ಮೈ ಭಾರವಿತ್ತು. ಮುಂದಿನ ವಾರ ಮೊಬೈಲಿನಲ್ಲಿ ಹುಡುಕಿದರೆ ನಾನು ಹೋಗಬಹುದಾದ ಹೊತ್ತಿನಲ್ಲಿ ಒಂದು ಆಟವೂ ಉಳಿದಿರಲಿಲ್ಲ.

ಕೊನೆಗೆ ನೋಡಿದ್ದು ಡಿಸೆಂಬರಿನಲ್ಲಿ, ಮನೆಯ ಟಿವಿಯಲ್ಲಿ. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಹನ್ನೊಂದು ವರ್ಷದ ಹುಡುಗ ಮಿಥುನ್ ಮುಂಬಯಿಯಿಂದ ಉಡುಪಿಯ ಕಡೆಗೆ, ಚಿಕ್ಕಮ್ಮನ ಮನೆಗೆ ಬರುತ್ತಾನೆ. ಜೊತೆಗೊಬ್ಬಳು ಪುಟ್ಟ ತಂಗಿ. ಹುಡುಗ ಅಳುವುದಿಲ್ಲ, ಹೆಚ್ಚು ಮಾತೂ ಇಲ್ಲ. ಆತಿಶ್ ಶೆಟ್ಟಿ ಎಂಬ ಬಾಲಕ ಆ ಪಾತ್ರ ಮಾಡಿದ್ದಾನೆ. ಆ ಮುಖದ ಮುಂದೆ ಹೊಗಳಿಕೆಯ ಮಾತುಗಳೆಲ್ಲ ಸಣ್ಣವು. ಚಿಕ್ಕಪ್ಪನಾಗಿ ಪ್ರಕಾಶ್ ತೂಮಿನಾಡು. ‘ಸು ಫ್ರಮ್ ಸೋ’ದಲ್ಲಿ ನಮ್ಮನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದವರಲ್ಲಿ ಅವರೂ ಒಬ್ಬರು. ಇಲ್ಲಿ ಅದೇ ಮನುಷ್ಯ, ತನ್ನ ಮನೆಗೆ ಬಂದ ಹುಡುಗನ ಹತ್ತಿರ ಹೇಗೆ ಹೋಗಬೇಕು ಎಂದು ತಿಳಿಯದೆ, ಬಾಗಿಲಲ್ಲಿ ಒಂದು ಕ್ಷಣ ಹೆಚ್ಚಾಗಿ ನಿಲ್ಲುವ ಸಾಧಾರಣ ಗೃಹಸ್ಥ. ಆ ಮುಖ ಕಂಡರೆ ನಗು ಬರಬಹುದು ಎಂಬ ಅಳುಕು ನನಗಿತ್ತು. ಐದು ನಿಮಿಷದಲ್ಲಿ ಹೋಯಿತು.

ಚಿತ್ರವನ್ನು ನಾನು ಮೂರು ಸಲ ನಿಲ್ಲಿಸಿದೆ. ಒಮ್ಮೆ ಕೊರಿಯರ್‌ನವರು ಬಂದರು. ಒಮ್ಮೆ ಕುಕ್ಕರ್ ಮೂರನೆಯ ಸೀಟಿ ಹಾಕಿತು. ಮೂರನೆಯ ಸಲ ಯಾವ ಕಾರಣವೂ ಇರಲಿಲ್ಲ. ಹುಡುಗ ಸುಮ್ಮನೆ ಇದ್ದ, ಪರದೆಯ ಮೇಲೆ ಏನೂ ನಡೆಯುತ್ತಿಲ್ಲ ಎನಿಸಿತು, ಕೈ ತಾನಾಗಿ ಮೊಬೈಲಿಗೆ ಹೋಯಿತು. ಕೈಯಲ್ಲಿ ಮೊಬೈಲ್ ಹಿಡಿದುಕೊಂಡೇ ಅರಿವಾಯಿತು: ಆಗ ನಡೆಯುತ್ತಿದ್ದುದೇ ಚಿತ್ರ. ಆ ಹುಡುಗನ ಮೌನವನ್ನು ತಾಳಿಕೊಳ್ಳಲಾರದೆ ಕತೆಯೊಳಗಿನ ಹಿರಿಯರು ಏನೇನೋ ಮಾತಾಡುತ್ತಾರಲ್ಲ, ನಾನೂ ಅದನ್ನೇ ಮಾಡಿದ್ದೆ. ಟಾಕೀಸಿನ ಕತ್ತಲಲ್ಲಿ ಮೌನಕ್ಕೆ ತೂಕವಿರುತ್ತದೆ. ಮುಂದಿನ ಸಾಲಿನವರು ಕೆಮ್ಮುವುದನ್ನು ತಡೆದುಕೊಂಡದ್ದು ಗೊತ್ತಾಗುತ್ತದೆ, ಎದ್ದು ಹೋಗುವುದಕ್ಕೆ ಸಂಕೋಚವಾಗುತ್ತದೆ, ಆ ಸಂಕೋಚವೇ ನಮ್ಮನ್ನು ಹುಡುಗನ ಪಕ್ಕದಲ್ಲಿ ಕೂರಿಸುತ್ತದೆ. ಮನೆಯ ಸೋಫಾಕ್ಕೆ ಆ ಶಕ್ತಿ ಇಲ್ಲ. ಅಂದು ರಾತ್ರಿ ಎಲ್ಲರೂ ಮಲಗಿದ ಮೇಲೆ, ದೀಪ ಆರಿಸಿ, ಮೊಬೈಲನ್ನು ಅಡುಗೆಮನೆಯ ಕಪಾಟಿನಲ್ಲಿಟ್ಟು, ಇಯರ್‌ಫೋನ್ ಹಾಕಿಕೊಂಡು ಮೊದಲಿನಿಂದ ಮತ್ತೆ ನೋಡಿದೆ. ಮಿಥುನ್ ಮುಕುಂದನ್ ಅವರ ಸಂಗೀತ ಎಷ್ಟು ಕಡೆ ತಾನು ಹಿಂದೆ ಸರಿದು ಗಾಳಿಗೆ, ಮನೆಯ ಸದ್ದುಗಳಿಗೆ ಜಾಗ ಬಿಡುತ್ತದೆ ಎಂದು ಆಗ ತಿಳಿಯಿತು.

ಕನ್ನಡದಲ್ಲಿ ಒಳ್ಳೆಯ ಚಿತ್ರಗಳು ಬರುತ್ತಿಲ್ಲ ಎಂದು ಯಾರಾದರೂ ನನ್ನ ಮುಂದೆ ಹೇಳಿದರೆ ಈಗ ನಾನು ವಾದಕ್ಕೆ ಇಳಿಯುತ್ತೇನೆ. ಬರುತ್ತಿವೆ. ಒಂದು ವಾರ ಇದ್ದು, ಮಧ್ಯಾಹ್ನ ಒಂದೂಕಾಲರ ಆಟದಲ್ಲಿ ಹತ್ತು ಹನ್ನೆರಡು ಜನಕ್ಕೆ ಕಂಡು, ಹೋಗುತ್ತಿವೆ. ನಮ್ಮೂರಿನ ಶಾಂತಲಾ ಟಾಕೀಸು 2020ರಲ್ಲಿ ಬಾಗಿಲು ಹಾಕಿದಾಗ ಮೈಸೂರಿನವರೆಲ್ಲ ಮರುಗಿದೆವು, ಹಳೆಯ ಟಿಕೆಟ್ಟುಗಳ ಚಿತ್ರ ಹಂಚಿಕೊಂಡೆವು. ಆ ಟಾಕೀಸಿನಲ್ಲಿ ಕೊನೆಯ ಎರಡು ವರ್ಷದಲ್ಲಿ ನಾನು ಎಷ್ಟು ಸಿನಿಮಾ ನೋಡಿದ್ದೆ? ಒಂದೂ ಇಲ್ಲ. ಬೆಂಗಳೂರಿನ ಕಪಾಲಿ 2017ರಲ್ಲಿ ಮುಚ್ಚಿದಾಗಲೂ ಹೀಗೆಯೇ ಮರುಗಿದ್ದೆ. ಮರುಗುವುದಕ್ಕೆ ಟಿಕೆಟ್ ಬೇಕಾಗಿಲ್ಲ.

ಮನೆಯಲ್ಲಿ ನೋಡಿದವುಗಳಲ್ಲಿ ‘ಶಾಖಾಹಾರಿ’ಯದು ಬೇರೆಯೇ ಸಂತೋಷ. 2024ರ ಚಿತ್ರ, ಸಂದೀಪ್ ಸುಂಕದ್ ನಿರ್ದೇಶನ. ಮಲೆನಾಡಿನ ಸಣ್ಣ ಊರಿನಲ್ಲಿ ಸಸ್ಯಾಹಾರಿ ಹೋಟೆಲ್ ನಡೆಸುವ ಸುಬ್ಬಣ್ಣನಾಗಿ ರಂಗಾಯಣ ರಘು. ಕತೆ ಕೊಲೆಯ ಸುತ್ತ ಸುತ್ತುತ್ತದೆ, ಅದನ್ನು ಇಲ್ಲಿ ಹೇಳಿದರೆ ನೋಡದವರಿಗೆ ಅನ್ಯಾಯ. ನೋಡುವಾಗ ಅಮ್ಮ ಪಕ್ಕದಲ್ಲಿ ಅವರೆಕಾಳು ಹಿದುಕುತ್ತಿದ್ದಳು. ಬೆರಳುಗಳ ನಡುವಿನಿಂದ ಬೇಳೆ ಟಪ್ ಎಂದು ಪಾತ್ರೆಗೆ ಬೀಳುತ್ತಿತ್ತು, ಸಿಪ್ಪೆ ಪೇಪರಿನ ಮೇಲೆ. ರಘು ಅವರು ಒಲೆಯ ಮುಂದೆ ನಿಂತ ದೃಶ್ಯ ಬಂದಾಗ ಟಪ್ ಸದ್ದು ನಿಂತಿತು. “ಇವರು ಅಡುಗೆ ಗೊತ್ತಿರುವವರು. ಕೈ ನೋಡಿದರೆ ತಿಳಿಯುತ್ತದೆ” ಎಂದಳು. ನಟನ ಬಗ್ಗೆ ಅಮ್ಮ ಕೊಡುವ ದೊಡ್ಡ ಪ್ರಶಸ್ತಿ ಅದು. ಬಿ.ವಿ. ಕಾರಂತರು 1989ರಲ್ಲಿ ಮೈಸೂರಿನಲ್ಲಿ ಕಟ್ಟಿದ ರಂಗಾಯಣದಿಂದ ಬಂದವರು ರಘು. ವರ್ಷಗಳ ಕಾಲ ಚಿತ್ರರಂಗ ಅವರಿಂದ ಕೂಗು, ಗಡಿಬಿಡಿಯ ಹಾಸ್ಯವನ್ನೇ ಹೆಚ್ಚು ಮಾಡಿಸಿತು. ಈ ಸುಬ್ಬಣ್ಣನಲ್ಲಿ ಅವರು ದನಿ ತಗ್ಗಿಸಿ ನಡೆಯುವುದನ್ನು ನೋಡಿದಾಗ, ಇಷ್ಟು ದಿನ ಇದನ್ನು ಯಾರೂ ಏಕೆ ಕೇಳಲಿಲ್ಲ ಎಂದು ಸಂಕಟವಾಯಿತು.

ಕಾರಂತರ ಹೆಸರು ಬಂದದ್ದರಿಂದಲೇ ಮುಂದಿನದು ನಡೆಯಿತು. ಕಾರಂತರು ಯಾವ ಚಿತ್ರಕ್ಕೆ ಸಂಗೀತ ಮಾಡಿದ್ದರು ಎಂದು ಮಾತಾಡುತ್ತಿರುವಾಗ ‘ಘಟಶ್ರಾದ್ಧ’ ಎಂದೆ. ಅಮ್ಮ ಹಿದುಕುವುದನ್ನು ನಿಲ್ಲಿಸದೆಯೇ ಹೇಳಿದಳು: “ಅದನ್ನು ನಾನು ನೋಡಿಲ್ಲ. ಅಣ್ಣ ಕಳಿಸಲಿಲ್ಲ.”

ಅಮ್ಮನ ತವರು ತೀರ್ಥಹಳ್ಳಿ ಕಡೆಯ ಒಂದು ಅಗ್ರಹಾರ. ತಂದೆಯನ್ನು ಅವರೆಲ್ಲ ಅಣ್ಣ ಎನ್ನುತ್ತಿದ್ದರು. ಗಿರೀಶ ಕಾಸರವಳ್ಳಿಯವರ ಈ ಮೊದಲ ಚಿತ್ರ 1977ರದು, ಯು.ಆರ್. ಅನಂತಮೂರ್ತಿಯವರ ಕತೆ. ಸ್ವರ್ಣಕಮಲ ಬಂದ ಚಿತ್ರ. ಊರ ಹತ್ತಿರದ ಪೇಟೆಯಲ್ಲಿ ಅದು ಬಂದಾಗ ಅಮ್ಮನಿಗೆ ಹದಿನಾರೋ ಹದಿನೇಳೋ. ಓರಗೆಯವರು ಹೊರಟು ನಿಂತಿದ್ದರು. ಅಜ್ಜ ಬೇಡ ಎಂದರು, ಕಾರಣ ಹೇಳಲಿಲ್ಲ. ನಲವತ್ತೆಂಟು ವರ್ಷ ಅಮ್ಮ ಆ ಚಿತ್ರವನ್ನು ನೋಡಿರಲಿಲ್ಲ, ಮರೆತೂ ಇರಲಿಲ್ಲ ಎಂದು ನನಗೆ ಆವತ್ತೇ ಗೊತ್ತಾದದ್ದು.

ಫಿಲ್ಮ್ ಹೆರಿಟೇಜ್ ಫೌಂಡೇಶನ್ ಆ ಚಿತ್ರವನ್ನು ಜೀರ್ಣೋದ್ಧಾರ ಮಾಡಿ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅದರ ಪ್ರದರ್ಶನವಾಯಿತು. ಎಸ್. ರಾಮಚಂದ್ರ ಅವರ ಕಪ್ಪು ಬಿಳುಪು ಛಾಯಾಗ್ರಹಣವನ್ನು ಆ ಪ್ರತಿಯಲ್ಲಿ, ದೊಡ್ಡ ಪರದೆಯ ಮೇಲೆ, ನಮ್ಮ ಊರಿನ ಸಭಾಂಗಣದಲ್ಲಿ ನೋಡಬೇಕೆಂಬ ಆಸೆ ನನ್ನದು. ಆದರೆ ಅಮ್ಮನನ್ನು ಇನ್ನೂ ಕಾಯಿಸಲು ಮನಸ್ಸಾಗಲಿಲ್ಲ. ಅಂತರ್ಜಾಲದಲ್ಲಿ ಸಿಕ್ಕ ಸವೆದ ಪ್ರತಿಯನ್ನೇ ಈ ಸಂಕ್ರಾಂತಿ ಕಳೆದ ವಾರ ಟಿವಿಗೆ ಹಾಕಿದೆ. ಗೆರೆ ಗೆರೆ ಚಿತ್ರ, ಗೊರಗೊರ ಧ್ವನಿ. ಅಮ್ಮ ಮಡಿಲಲ್ಲಿ ಹತ್ತಿ ಇಟ್ಟುಕೊಂಡು ಹೂಬತ್ತಿ ಹೊಸೆಯುತ್ತ ಕುಳಿತಳು.

ಉಡುಪರ ಪಾಠಶಾಲೆಗೆ ವೇದ ಕಲಿಯಲು ಬಂದ ಪುಟ್ಟ ಹುಡುಗ ನಾಣಿ. ಉಡುಪರ ಮಗಳು ಯಮುನಾ, ವಿಧವೆ, ಆ ಹುಡುಗನಿಗೆ ಅಲ್ಲಿ ಇರುವ ಒಂದೇ ಆಸರೆ. ಅವಳು ಗರ್ಭಿಣಿ ಎಂಬುದು ಊರಿಗೆ ತಿಳಿಯುತ್ತ ಹೋಗುತ್ತದೆ. ಎಲ್ಲವೂ ನಮಗೆ ಕಾಣುವುದು ಅರ್ಥವಾಗದ ಆ ಹುಡುಗನ ಕಣ್ಣಿಂದ. ಯಮುನಾ ಹುತ್ತದೊಳಗೆ ಕೈ ಇಡುವ ದೃಶ್ಯದಲ್ಲಿ ಅಮ್ಮ ಉಸಿರು ಎಳೆದುಕೊಂಡಳು. ಬತ್ತಿ ಹೊಸೆಯುವ ಕೈ ನಿಲ್ಲಲಿಲ್ಲ. ಬದುಕಿರುವ ಮಗಳಿಗೆ ಅಪ್ಪನೇ ಶ್ರಾದ್ಧ ಮಾಡುವ ವಿಧಿಯ ಹತ್ತಿರ ಕತೆ ಬಂದಾಗ, ಪರದೆ ನೋಡುತ್ತಲೇ ಅಮ್ಮ ಮಾತು ಶುರುಮಾಡಿದಳು. ನಾನು ಚಿತ್ರ ನಿಲ್ಲಿಸಿದೆ.

“ನಮ್ಮ ಮನೆಯಲ್ಲಿ ದೊಡ್ಡತ್ತೆ ಇದ್ದರು. ಕೆಂಪು ಸೀರೆ, ತಲೆಯ ಮೇಲೆ ಸೆರಗು. ತಿಂಗಳಿಗೊಂದು ದಿನ ಮಕ್ಕಳನ್ನೆಲ್ಲ ಬೆಳಿಗ್ಗೆಯೇ ಹೊಳೆಯ ಕಡೆಗೆ ಹೂ ಕೊಯ್ಯಲು ಕಳಿಸುತ್ತಿದ್ದರು. ಬುಟ್ಟಿ ತುಂಬುವ ತನಕ ಬರಬಾರದು. ಹಿತ್ತಿಲಿಗೆ ಕ್ಷೌರದವನು ಬರುವ ದಿನ ಅದು ಎಂದು ನನಗೆ ತಿಳಿದದ್ದು ಹನ್ನೆರಡು ವರ್ಷವಾದ ಮೇಲೆ. ಅಂಥ ದಿನ ಸಂಜೆ ದೊಡ್ಡತ್ತೆ ನನ್ನನ್ನು ಕರೆದು ಮುಂದೆ ಕೂರಿಸಿಕೊಳ್ಳುತ್ತಿದ್ದರು. ಎಣ್ಣೆ ಹಚ್ಚಿ ಜಡೆ ಹಾಕುವುದು. ಹಾಕಿ ಮುಗಿದ ಮೇಲೆ ಸರಿಯಾಗಲಿಲ್ಲ ಎಂದು ಬಿಚ್ಚುವುದು, ಮತ್ತೆ ಹಾಕುವುದು. ದೀಪ ಹಚ್ಚುವ ತನಕ. ನನಗೆ ಆಟಕ್ಕೆ ಹೊತ್ತಾಗುತ್ತದೆ ಎಂದು ಸಿಟ್ಟು ಬರುತ್ತಿತ್ತು.”

ಇಷ್ಟು ಹೇಳಿ ಸುಮ್ಮನಾದಳು. ಆಮೇಲೆ ಇನ್ನೂ ಹೇಳಿದಳು. ದೊಡ್ಡತ್ತೆಯ ಹೆಸರು, ಅವರು ಮಾಡುತ್ತಿದ್ದ ಹಸಿ ಗೊಜ್ಜು, ಮದುವೆಯಾಗಿ ಎಷ್ಟು ತಿಂಗಳಿಗೆ ಗಂಡ ಹೋದದ್ದು, ಯಾವ ಮದುವೆಗೂ ಅವರು ಎದುರಿಗೆ ಬರದೆ ಕೊಟ್ಟಿಗೆಯಲ್ಲಿ ಕುಳಿತಿರುತ್ತಿದ್ದದ್ದು. ನಿಲ್ಲಿಸಿದ ಚಿತ್ರ ಹೋಗಿ ಟಿವಿಯ ಮೇಲೆ ತಾನಾಗಿ ಯಾವುದೋ ಹಿಮಪರ್ವತದ ಚಿತ್ರ ಬಂತು, ಅದೂ ಹೋಗಿ ಪರದೆ ಕಪ್ಪಾಯಿತು. ನಾನು ರಿಮೋಟ್ ಮುಟ್ಟಲಿಲ್ಲ. ನನ್ನ ಇಷ್ಟು ವಯಸ್ಸಿಗೆ ಅಮ್ಮನ ಬಾಯಿಂದ ದೊಡ್ಡತ್ತೆಯ ಹೆಸರನ್ನು ಕೇಳಿದ್ದು ಅದೇ ಮೊದಲು. ಟಾಕೀಸಿನಲ್ಲಿ ಕುಳಿತು ನೋಡಿದ್ದರೆ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ಬಂದಿರುತ್ತಿದ್ದಳು, ದಾರಿಯಲ್ಲಿ ತರಕಾರಿ ಕೊಳ್ಳೋಣ ಎನ್ನುತ್ತಿದ್ದಳು. ‘ಮಿಥ್ಯ’ದ ನಂತರ ಚಿತ್ರ ನಿಲ್ಲಿಸುವ ಗುಂಡಿಯ ಮೇಲೆ ನನಗೆ ಬಂದಿದ್ದ ಸಿಟ್ಟು ಆ ರಾತ್ರಿ ಇಳಿಯಿತು. ಯಾವ ಚಿತ್ರಕ್ಕೆ ಅಪರಿಚಿತರ ನಡುವಿನ ಕುರ್ಚಿ ಬೇಕು, ಯಾವುದಕ್ಕೆ ನಮ್ಮದೇ ಹಜಾರ ಬೇಕು ಎಂಬುದನ್ನು ಮೊದಲೇ ಹೇಳುವುದು ಕಷ್ಟ. ಹುಡುಗನ ಮೌನಕ್ಕೆ ಟಾಕೀಸು ಬೇಕಿತ್ತು. ಅಮ್ಮನ ಮೌನ ಒಡೆಯಲು ಮನೆಯೇ ಬೇಕಾಯಿತು.

ಅಂದು ಮುಂದೆ ನೋಡಲಿಲ್ಲ. ಮರುದಿನ ಅಮ್ಮ ಆ ಮಾತೇ ಎತ್ತಲಿಲ್ಲ. ಮೂರನೆಯ ದಿನ ಸಂಜೆ ದೇವರ ದೀಪ ಹಚ್ಚಿ ಬಂದು, ಹತ್ತಿಯ ಡಬ್ಬ ಹಿಡಿದು ಕುಳಿತು ಹೇಳಿದಳು: “ಅದನ್ನು ಹಾಕು. ಆ ಮಾಣಿ ಏನಾದ ನೋಡಬೇಕು.”

ಉಳಿದದ್ದು ಸ್ವಲ್ಪವೇ. ವಿಧಿ ಮುಗಿಯುತ್ತದೆ. ನಾಣಿಯ ಅಪ್ಪ ಅವನನ್ನು ಊರಿಗೆ ಕರೆದೊಯ್ಯಲು ಬರುತ್ತಾನೆ. ಮರದ ಕೆಳಗೆ, ತಲೆ ಬೋಳಿಸಿದ ಯಮುನಾ ಒಬ್ಬಳೇ ಕುಳಿತಿರುತ್ತಾಳೆ. ಹುಡುಗ ಹೋಗುತ್ತಾನೆ.

ಚಿತ್ರ ಮುಗಿದು ಟಿವಿ ಮುಂದಿನ ಯಾವುದೋ ವಿಡಿಯೊಗೆ ಹಾರಲು ಹೊರಟಿತ್ತು. ಅಮ್ಮ ಹೊಸೆದ ಬತ್ತಿಗಳನ್ನು ಡಬ್ಬಕ್ಕೆ ತುಂಬುವುದನ್ನು ಬಿಟ್ಟು, ಕನ್ನಡಕ ತೆಗೆದು ಸೀರೆಯ ಅಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡಳು.

“ಸ್ವಲ್ಪ ಹಿಂದಕ್ಕೆ ಒಯ್ಯಿ” ಎಂದಳು. “ಅವಳ ಮುಖ ಸರಿಯಾಗಿ ಕಾಣಿಸಲಿಲ್ಲ.”

ಹಿಂದಕ್ಕೆ ಒಯ್ದು, ಯಮುನಾ ಕುಳಿತಿರುವಲ್ಲಿ ನಿಲ್ಲಿಸಿದೆ.